ಪಗಾರದವನ ಭಾನುವಾರ

ಸಂಜೆ ಎನ್ನುವುದನ್ನು ದೇವರು ಎಲ್ಲರಿಗೂ ಸಮನಾಗಿ ಹಂಚಿದ್ದಾನೆ ಎಂದು ನಾನು ಬಹಳ ಕಾಲ ನಂಬಿದ್ದೆ. ಗಂಗಾವತಿಯ ಅಕ್ಕಿ ಮಿಲ್ಲಿಗೆ ಸೇರಿದ ಮೇಲೆ ತಿಳಿಯಿತು, ಅವನು ಅದನ್ನು ಗಂಟೆ ಲೆಕ್ಕದವರ ಕೈಗೆ ಕೊಟ್ಟಿದ್ದಾನೆ. ತಿಂಗಳ ಪಗಾರದವರಿಗೆ ಕಿಟಕಿಯಿಂದ ತೋರಿಸಿದ್ದಾನೆ, ಅಷ್ಟೆ. ನಮ್ಮ ಮಿಲ್ಲಿನಲ್ಲಿ ಸಂಜೆ ಒಂದು ಸೈರನ್ನು ಕೂಗುತ್ತದೆ. ಕೂಗಿದೊಡನೆ ಯಂತ್ರದ ಮುಂದೆ ನಿಂತವರು, ತೌಡು ತುಂಬುವವರು, ಅಕ್ಕಿಯಲ್ಲಿ ಕಲ್ಲು ಆರಿಸುವ ಹೆಂಗಸರು, ಎಲ್ಲರೂ ಕಾಲುವೆಗೆ ನೀರು ಬಿಟ್ಟಂತೆ ಗೇಟಿನ ಕಡೆ ಹರಿಯುತ್ತಾರೆ. ನಾನು ಸೂಪರ್‌ವೈಸರ್. ಆಫೀಸಿನ ಬಾಗಿಲಲ್ಲಿ ನಿಂತು ನೋಡುತ್ತೇನೆ. ಆ ಸೈರನ್ನಿನ ಗುಂಡಿ ಒತ್ತುವವನು ನಾನೇ. ಕೈದಿಗಳನ್ನೆಲ್ಲ ಬಿಡುಗಡೆ ಮಾಡಿ ತಾನು ಮಾತ್ರ ಜೈಲಿನಲ್ಲೇ ಮಲಗುವ ಜೈಲರನ ಗತಿ ನನ್ನದು.

ನಮ್ಮ ಬಾಯ್ಲರ್ ನೋಡಿಕೊಳ್ಳುವ ಖಾಜಾಸಾಬ ಗಂಟೆ ಲೆಕ್ಕದವನು. ನನಗಿಂತ ಕೊಂಚ ಚಿಕ್ಕವನು, ನನ್ನ ಗೆಳೆಯ. ಕೆಲಸದಲ್ಲಿ ಅವನನ್ನು ಬೆರಳು ಮಾಡಿ ತೋರಿಸುವಂತಿಲ್ಲ. ಆದರೆ ಸೈರನ್ನಿಗೆ ಮೊದಲೇ ಕೈಕಾಲು ತೊಳೆದು, ತಲೆ ಬಾಚಿ, ಬುತ್ತಿ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಮದುಮಗನ ಹಾಗೆ ಸಿದ್ಧನಾಗಿರುತ್ತಾನೆ. ಸೈರನ್ನು ಕೂಗಿದರೆ ಅವನು ಅರ್ಧ ಆಡಿದ ಮಾತನ್ನೂ ಅಲ್ಲಿಯೇ ಬಿಟ್ಟು ಹೋಗುವವನು. ಒಮ್ಮೆ ನನ್ನ ಪಕ್ಕ ಬಂದು, "ಶರಣಪ್ಪಣ್ಣ, ನಿಮ್ಮ ಗಾಡಿ ಪೆಟ್ರೋಲ್ ಟ್ಯಾಂಕ್ ಐತೆಲ್ಲ" ಎಂದ. ಅಷ್ಟರಲ್ಲಿ ಯಾರೋ ನನ್ನ ಬದಲಿಗೆ ಗುಂಡಿ ಒತ್ತಿದರು. ಖಾಜಾಸಾಬ ಚೀಲ ಹೆಗಲಿಗೆ ಹಾಕಿಕೊಂಡು ನಡೆದೇಬಿಟ್ಟ. ಮರುದಿನ ಬೆಳಿಗ್ಗೆ ಒಳಗೆ ಕಾಲಿಡುತ್ತಲೇ, ನಡುವೆ ಒಂದು ರಾತ್ರಿ ಕಳೆದದ್ದೇ ಗೊತ್ತಿಲ್ಲದವನಂತೆ, "ಅದು ಸೋರಾಕ ಹತ್ತೈತಿ ನೋಡ್ರಿ" ಎಂದು ಮಾತು ಮುಗಿಸಿದ. ಅಷ್ಟು ಹೊತ್ತಿಗೆ ಆ ಸಂಗತಿ ನನಗೂ ಗೊತ್ತಾಗಿತ್ತು. ಹಿಂದಿನ ದಿನ ಗಾಡಿಯನ್ನು ಮನೆಯವರೆಗೆ ತಳ್ಳಿಕೊಂಡು ಹೋಗಿದ್ದೆ.

ನನ್ನೂರು ಮಂಗಳೂರು. ಹೀಗೆಂದರೆ ಬೆಂಗಳೂರಿನ ಕಡೆಯ ಲಾರಿಯವರು, "ಏನ್ ಸಾರ್, ಮೀನು ಚೆನ್ನಾಗಿ ಸಿಗುತ್ತಾ?" ಎಂದು ಕೇಳುತ್ತಾರೆ. ನಮ್ಮದು ಯಲಬುರ್ಗಾ ಕಡೆಯ ಮಂಗಳೂರು. ಅವರದು ಕಡಲು, ನಮ್ಮದು ಕಡಲೆ. ಕಪ್ಪು ನೆಲದಲ್ಲಿ ಕಡಲೆ ಮತ್ತು ಜೋಳ ಬಿತ್ತಿ ಮೋಡದ ಮುಖ ನೋಡುವ ಮನೆತನದಲ್ಲಿ ತಿಂಗಳ ಪಗಾರ ಎಂದರೆ ಸಣ್ಣ ಮಾತಲ್ಲ. ನಾನು ಮಿಲ್ಲಿನಲ್ಲಿ ಗಂಟೆ ಲೆಕ್ಕದಿಂದ ತಿಂಗಳ ಲೆಕ್ಕಕ್ಕೆ ಏರಿದ ಸುದ್ದಿ ಮುಟ್ಟಿದಾಗ ನಮ್ಮಪ್ಪ ಓಣಿಯಲ್ಲೆಲ್ಲ ಹೇಳಿಕೊಂಡು ಬಂದರಂತೆ: "ಮಳಿ ಆದ್ರೂ ಬರ್ತೈತಿ, ಆಗದಿದ್ರೂ ಬರ್ತೈತಿ. ನಮ್ಮ ಶರಣ ಮಕ್ಕೊಂಡಾಗ್ಲೂ ಪಗಾರ ಎಚ್ಚರ ಇರ್ತೈತಿ." ಅಪ್ಪ ಹೇಳಿದ್ದು ಸುಳ್ಳಲ್ಲ. ಪಗಾರ ಎಚ್ಚರವಾಗಿಯೇ ಇತ್ತು. ಅದರ ಜೊತೆಗೆ ನಾನೂ ಎಚ್ಚರವಾಗಿರಬೇಕು ಎನ್ನುವುದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ನಮ್ಮ ಧಣಿಯರು ಕೆಟ್ಟವರೆಂದು ತಿಳಿಯಬೇಡಿ. ಕೆಟ್ಟವರಾಗಿದ್ದರೆ ನನಗೂ ಅನುಕೂಲವಾಗುತ್ತಿತ್ತು, ಬೈದುಕೊಂಡಾದರೂ ಇರಬಹುದಿತ್ತು. ಅವರು ದನಿ ಎತ್ತಿ ಮಾತಾಡಿದವರಲ್ಲ. ಬಿಳಿ ಅಂಗಿ, ಬಿಳಿ ಪಂಚೆ, ಹಣೆಯ ಮೇಲೆ ವಿಭೂತಿ, ಬಾಯಿ ತುಂಬ ನಗು. ನನ್ನನ್ನು ತಿಂಗಳ ಲೆಕ್ಕಕ್ಕೆ ಹಾಕಿಕೊಂಡ ದಿನ ಹೆಗಲ ಮೇಲೆ ಕೈಯಿಟ್ಟು, "ಇವತ್ತಿಂದ ನೀ ಕೂಲಿಯವ ಅಲ್ಲ ಶರಣಪ್ಪ, ನಮ್ಮ ಮನಿ ಮನುಷ್ಯಾ" ಎಂದಿದ್ದರು. ನನ್ನ ಕಣ್ಣು ತುಂಬಿ ಬಂದಿತ್ತು. ಮನೆ ಮನುಷ್ಯ ಎಂದರೆ ಮನೆಯ ಕೆಲಸಗಳೂ ಬರುತ್ತವೆ ಎಂದು ಆಗ ಹೊಳೆಯಲಿಲ್ಲ. ಮಂಗಳವಾರ ಅವರ ಅತ್ತೆಯವರನ್ನು ಹುಲಿಗಿಗೆ ಕರೆದುಕೊಂಡು ಹೋಗಿ ಹುಲಿಗೆಮ್ಮನ ದರ್ಶನ ಮಾಡಿಸಿ ಕರೆತರುವುದು ನನ್ನ ಪಾಲಿಗೆ ಬಂತು. ಅವರಿಗೆ ಹೋಗಲಾಗದ ಮದುವೆಗಳಿಗೆ ಮುಯ್ಯಿ ಕವರು ಹಿಡಿದು ನಾನು ಹೋಗತೊಡಗಿದೆ. ಗಂಗಾವತಿ, ಕೊಪ್ಪಳದ ಎಷ್ಟೋ ಮನೆಗಳ ಮದುವೆ ಆಲ್ಬಮ್ಮುಗಳಲ್ಲಿ ನಾನಿದ್ದೇನೆ. ಆ ಮನೆಯವರು ಇಂದಿಗೂ ಅದನ್ನು ತಿರುವುತ್ತ, ಇವನು ಹೆಣ್ಣಿನ ಕಡೆಯವನೋ ಗಂಡಿನ ಕಡೆಯವನೋ ಎಂದು ಜಗಳವಾಡುತ್ತಿರಬಹುದು. ಹೊರಗಿನಿಂದ ನೆಂಟರು ಬಂದರೆ ಅಂಜನಾದ್ರಿ ಬೆಟ್ಟ ತೋರಿಸುವ ಕೆಲಸವೂ ನನ್ನದೇ. ಎಷ್ಟು ಸಲ ಹತ್ತಿದ್ದೇನೆಂದರೆ ಅಲ್ಲಿನ ಕೋತಿಗಳು ನನ್ನ ಕೈಯಿಂದ ಕಸಿದುಕೊಳ್ಳುವುದನ್ನೇ ಬಿಟ್ಟಿವೆ. ನಮ್ಮವನೇ ಎಂದುಕೊಂಡಿರಬೇಕು.

ಹೋಗಲಿ, ಪಗಾರದವನಿಗೆ ಸಂಜೆಯ ಲೆಕ್ಕವಿಲ್ಲ ಎಂದ ಮೇಲೆ ಬೆಳಗಿನ ಲೆಕ್ಕವೂ ಇರಬಾರದಲ್ಲ ಎಂದು ನನಗೊಂದು ವಿಚಾರ ಬಂತು. ನ್ಯಾಯವಾದ ವಿಚಾರವೇ. ಒಂದು ದಿನ ಧೈರ್ಯ ಮಾಡಿ, ಮನೆಯಲ್ಲಿ ಎರಡನೇ ಸಲ ಚಹ ಕುಡಿದು, ಪೇಪರಿನಲ್ಲಿ ರಾಶಿಫಲವನ್ನೂ ಓದಿ ತಡವಾಗಿ ಹೋದೆ. ಧಣಿಯರು ಏನೂ ಅನ್ನಲಿಲ್ಲ. ಗೋಡೆಯ ಗಡಿಯಾರ ನೋಡಿದರು, ನನ್ನನ್ನು ನೋಡಿದರು, ಬಹಳ ಕಾಳಜಿಯಿಂದ, "ಯಾಕ ಶರಣಪ್ಪ, ಆರಾಮ ಇಲ್ಲೇನು?" ಎಂದರು. ನಾನು ಕೆಮ್ಮಿದೆ. ಬೇರೆ ದಾರಿಯೇ ಇರಲಿಲ್ಲ. ಅವರು ಮನೆಯಿಂದ ಶುಂಠಿ ಕಷಾಯ ತರಿಸಿದರು. ಅದನ್ನು ಕುಡಿದ ಮೇಲೆ ಒಂದು ಸತ್ಯ ನನ್ನ ಗಂಟಲಿಗೆ ಇಳಿಯಿತು: ಪಗಾರದ ಮನುಷ್ಯ ಬರುವಾಗ ಗಡಿಯಾರ ನೋಡಬೇಕು, ಹೋಗುವಾಗ ಕ್ಯಾಲೆಂಡರ್ ನೋಡಬೇಕು.

ನನ್ನ ಹೆಂಡತಿ ಗಿರಿಜಾ ಇದನ್ನೆಲ್ಲ ನುಂಗಿಕೊಂಡು ಬಂದವಳು. ನುಂಗಿಕೊಂಡು ಎಂದರೆ ಸುಮ್ಮನಿದ್ದು ಎಂದಲ್ಲ. "ನಿಮಗ ನಾ ಏನ್ ಆಗ್ಬೇಕ್ರಿ? ಮಿಲ್ಲಿಗೆ ಬಂದು ಭೆಟ್ಟಿ ಆಗೋ ಪಾರ್ಟಿಯೋ ಏನು?" ಎಂದು ವಾರಕ್ಕೊಮ್ಮೆಯಾದರೂ ಕೇಳುತ್ತಾಳೆ. ನಮಗೆ ಒಬ್ಬಳೇ ಮಗಳು, ಶೈಲಾ. ಗಂಗಾವತಿಯ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸು. ಅವಳದು ಪಾಳಿ ಕೆಲಸ. ಪಾಳಿ ಮುಗಿದರೆ ಮುಂದಿನವಳಿಗೆ ಒಪ್ಪಿಸಿ ಮನೆಗೆ ಬರುತ್ತಾಳೆ. ನನ್ನ ಮಗಳಾಗಿ ಇದನ್ನು ಎಲ್ಲಿ ಕಲಿತಳೋ ತಿಳಿಯದು. ಅವಳಿಗೆ ಕುಷ್ಟಗಿಯಿಂದ ಒಂದು ಸಂಬಂಧ ಬಂತು. ಹುಡುಗನ ಹೆಸರು ವೀರೇಶ. ಬೀಜದ ಕಂಪನಿಯೊಂದರಲ್ಲಿ ಸೂಪರ್‌ವೈಸರ್, ತಿಂಗಳ ಪಗಾರ. ಮೊಬೈಲಿಗೆ ಫೋಟೋ ಬಂತು. ಕೋಟು ಹಾಕಿ, ಹಿಂದೆ ಹೂವಿನ ತೋಟದ ಪರದೆ ಇಟ್ಟು ಸ್ಟುಡಿಯೋದಲ್ಲಿ ತೆಗೆಸಿದ್ದು. ಮುಖಕ್ಕೆ ಎಷ್ಟು ಬೆಳಕು ಹಾಕಿದ್ದರೆಂದರೆ ಮೂಗು ಇದೆಯೆಂದು ನಂಬಿಕೆಯಿಂದ ತಿಳಿದುಕೊಳ್ಳಬೇಕಿತ್ತು. ಗಿರಿಜಾ ಒಪ್ಪಿದಳು, ನಾನೂ ಒಪ್ಪಿದೆ. ಶೈಲಾ, "ಬರ್ಲಿ, ನೋಡೂಣು" ಎಂದಳು. ಭಾನುವಾರ ಮಧ್ಯಾಹ್ನದ ಮೇಲೆ ಅವರು ಮನೆಗೆ ಬರುವುದೆಂದು ಗೊತ್ತಾಯಿತು.

ಶನಿವಾರ ಧಣಿಯರು ನನ್ನನ್ನು ಒಳಗೆ ಕರೆದರು. ಅವರ ನಗು ಎಂದಿಗಿಂತ ಅಗಲವಾಗಿತ್ತು.

"ಶರಣಪ್ಪ, ನಾಳೆ ರಾಯಚೂರಿಂದ ನಮ್ಮ ಬೀಗರು ಬರಾಕ ಹತ್ಯಾರ. ಅಂಜನಾದ್ರಿ ನೋಡಬೇಕಂತ. ನಿನ್ನ ಬಿಟ್ರ ಯಾರದಾರ ಹೇಳು."

ನಾಳೆ ನನ್ನ ಮಗಳನ್ನು ನೋಡಲು ಬರುತ್ತಾರೆ ಎನ್ನುವ ಮಾತು ಗಂಟಲಿನವರೆಗೆ ಬಂದು ನಿಂತಿತ್ತು. ನನ್ನ ಬಾಯಿ, "ಆತ್ರಿ" ಎಂದಿತು. ಬಾಯಿಗೂ ನನಗೂ ಆ ವಿಷಯದಲ್ಲಿ ಮೊದಲಿನಿಂದಲೂ ಹೊಂದಾಣಿಕೆಯಿಲ್ಲ. ಹೊರಗೆ ಬಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ: ಬೆಳಿಗ್ಗೆ ಬೇಗ ಹತ್ತಿಸಿ, ಬೇಗ ಇಳಿಸಿದರೆ ಊಟದ ಹೊತ್ತಿಗೆ ಮನೆಯಲ್ಲಿರುತ್ತೇನೆ. ಹೆಂಡತಿಗೂ ಹಾಗೆಯೇ ಹೇಳಿದೆ. ಅವಳು, "ಖಾಜಾಸಾಬ್ ಅವರಿಗೆ ಮನಿಗೆ ಬರಾಕ ಹೇಳ್ರಿ. ಬಂದವ್ರ ಮುಂದ ಕುಂದ್ರಾಕ ಒಬ್ಬ ಗಂಡಸು ಬೇಕಲ್ಲ" ಎಂದಳು. ನಾನಿರುತ್ತೇನಲ್ಲ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ.

ಬೆಳಿಗ್ಗೆ ಬೇಗ ಹತ್ತಿಸುವ ಯೋಜನೆ ಬೀಗರು ತಡವಾಗಿ ಎದ್ದುದರಿಂದ ಕೆಟ್ಟಿತು. ಆಮೇಲೆ ಬೀಗತಿಯವರು ಮೊದಲು ಪಂಪಾ ಸರೋವರ ನೋಡಬೇಕೆಂದರು. ಅಲ್ಲಿಂದ ಹನುಮನಹಳ್ಳಿಗೆ ಬಂದು ಬೆಟ್ಟದ ಬುಡದಲ್ಲಿ ನಿಂತಾಗ ಸೂರ್ಯ ನೆತ್ತಿಯ ಮೇಲಿದ್ದ. ಬೀಗರು ತೂಕದ ಮನುಷ್ಯರು. ಬೆಟ್ಟವನ್ನು ಒಮ್ಮೆ ತಲೆಯೆತ್ತಿ ನೋಡಿ, "ಹನುಮಪ್ಪ ಎಲ್ಲಾ ಕಡೆನೂ ಅದಾನ, ನಾ ಇಲ್ಲಿಂದನ ಕೈ ಮುಗೀತೀನಿ" ಎಂದು ಕಾರಿನಲ್ಲೇ ಕುಳಿತರು. ಬೀಗತಿಯವರದು ಬೇರೆ ಜೀವ. ತೆಳ್ಳಗೆ, ಉದ್ದಕ್ಕೆ, ಮಾತಿನಲ್ಲಿ ಚುರುಕು. ಬರಿಗಾಲಲ್ಲಿ ಹತ್ತುವ ಹರಕೆ ಇತ್ತಂತೆ. ಹೊಸ ಚಪ್ಪಲಿಯನ್ನು ಕೆಳಗೆ ಬಿಟ್ಟರೆ ಯಾರಾದರೂ ಮೆಟ್ಟಿಕೊಂಡು ಹೋದಾರೆಂದು ಒಂದು ಚೀಲಕ್ಕೆ ಹಾಕಿ ನನ್ನ ಕೈಗೆ ಕೊಟ್ಟರು. ಅವರು ಮುಂದೆ, ನಾನು ಚಪ್ಪಲಿ ಹಿಡಿದು ಹಿಂದೆ. ರಾಮನ ಪಾದುಕೆ ಹೊತ್ತ ಭರತನನ್ನು ನೆನೆದು ಸಮಾಧಾನ ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ಅವನ ಮಗಳನ್ನು ನೋಡಲು ಅದೇ ದಿನ ಗಂಡಿನವರು ಬಂದಿರಲಿಲ್ಲ.

ಅರ್ಧ ಬೆಟ್ಟ ಏರುವಷ್ಟರಲ್ಲಿ ನನಗೆ ಏದುಸಿರು ಹತ್ತಿತು. ಬೀಗತಿಯವರು ಹಿಂದಿರುಗಿ ನೋಡದೆ ಮೇಲೆ ಹೋಗಿಬಿಟ್ಟರು. ಒಂದು ಬಂಡೆಯ ನೆರಳಿನಲ್ಲಿ ಕುಳಿತೆ. ಅಲ್ಲಿ ಆಗಲೇ ಒಬ್ಬ ಯುವಕ ಕುಳಿತಿದ್ದ. ತಲೆಗೆ ಟೋಪಿ, ಬೆವರಿಗೆ ಬೆನ್ನಿಗಂಟಿದ ಅಂಗಿ, ಕೊರಳಿಗೆ ಯಾರದೋ ಕ್ಯಾಮೆರಾ, ಮೊಣಕೈಗೆ ಯಾರದೋ ಜಂಬದ ಚೀಲ, ತೊಡೆಯ ಮೇಲೆ ಯಾರದೋ ಕೂಸು. ಕೂಸು ಅವನ ಕಿವಿ ಹಿಡಿದು ಎಳೆಯುತ್ತಿತ್ತು. ಅವನು ಅದಕ್ಕೆ ಬೇಡವೆನ್ನದೆ ಕುಳಿತಿದ್ದ. ನನ್ನನ್ನು ನೋಡಿ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟ. ನನ್ನ ಕೈಯಲ್ಲಿದ್ದ ಚೀಲದೊಳಗೆ ಒಮ್ಮೆ ಇಣುಕಿ, ವಿಶ್ವಾಸದಿಂದ ಕೇಳಿದ:

"ನಿಮ್ದು ಪಗಾರೇನ್ರಿ?"

"ಹೌದು. ಹೆಂಗ ಗೊತ್ತಾತು?"

"ಗಂಟಿ ಲೆಕ್ಕದವ್ರು ಐತವಾರ ಮಂದಿ ಚಪ್ಪಲಿ ಹಿಡ್ಕೊಂಡು ಗುಡ್ಡ ಏರಂಗಿಲ್ರಿ."

ಇಂಥ ಮಾತನ್ನು ಇಷ್ಟು ವರ್ಷ ನನಗೆ ಯಾರೂ ಆಡಿರಲಿಲ್ಲ. ಒಡಹುಟ್ಟಿದವನು ಸಿಕ್ಕಂತಾಯಿತು. ನೀರಿನ ಬಾಟಲಿ ಕೊಟ್ಟೆ. ಅವನು ಮೊದಲು ಕೂಸಿಗೆ ಕುಡಿಸಿ ಆಮೇಲೆ ತಾನು ಕುಡಿದ. ಇಬ್ಬರೂ ಕಷ್ಟಸುಖ ಹೇಳಿಕೊಂಡೆವು. ಅವನ ಮಾಲಕರೂ ಬೈಯುವವರಲ್ಲವಂತೆ. ಅವರೂ ಹೆಗಲ ಮೇಲೆ ಕೈಯಿಡುವ ಪೈಕಿಯಂತೆ. ನಾನು ಧಣಿಯರ ಕಷಾಯದ ಕಥೆ ಹೇಳಿದೆ. ಅವನು ನಕ್ಕು, "ನಮ್ಮಲ್ಲಿ ಮೊಸಂಬಿ ರಸ ಕೊಡ್ತಾರ್ರಿ" ಎಂದ. ಆಮೇಲೆ ಅವನ ಮುಖ ಬಾಡಿತು.

"ಇವತ್ತು ಮಾತ್ರ ಭಾಳ ಕೆಟ್ಟಾತ್ರಿ. ಗಂಗಾವತ್ಯಾಗ ಹೆಣ್ಣು ನೋಡಾಕ ಹೋಗೋದಿತ್ತು. ‘ಹೆಂಗೂ ಆ ಕಡೆ ಹೊಂಟಿ, ನಮ್ಮ ಮಂದೀನೂ ಕರ್ಕೊಂಡು ಹೋಗಿ ಗುಡ್ಡ ತೋರಿಸಿಬಿಡು’ ಅಂದ್ರು ಮಾಲಕರು. ನಮ್ಮಪ್ಪ ನಮ್ಮವ್ವ ಇಷ್ಟೊತ್ತಿಗೆ ಅವ್ರ ಮನ್ಯಾಗ ಕುಂತಿರ್ತಾರ. ಹುಡುಗಿ ಅಪ್ಪ ಮಿಲ್ಲಿನಾಗ ದೊಡ್ಡ ಮನುಷ್ಯಾರಂತ, ಶಿಸ್ತಿನವ್ರಂತ. ಏನ್ ತಿಳ್ಕೊಂಡಾರೋ ಏನೋ."

ನಾನು ಅವನ ಮುಖವನ್ನೇ ನೋಡಿದೆ. ಮನಸ್ಸಿನಲ್ಲೇ ಟೋಪಿ ತೆಗೆದು, ಬೆವರು ಒರೆಸಿ, ಹಿಂದೆ ಹೂವಿನ ತೋಟ ಇಟ್ಟು ನೋಡಿದೆ. ಮೂಗು ಚೆನ್ನಾಗಿಯೇ ಇತ್ತು.

"ಏನೂ ತಿಳ್ಕೊಂಡಿರಂಗಿಲ್ಲ ಬಿಡು ತಮ್ಮ" ಎಂದೆ.

"ನಿಮಗ ಹೆಂಗ ಗೊತ್ರಿ?"

"ಆತ ಮನ್ಯಾಗಿಲ್ಲ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಗಡಬಡಿಸಿ ಎದ್ದು ನಮಸ್ಕಾರ ಮಾಡಲು ಬಗ್ಗಿದ. ಕೊರಳ ಕ್ಯಾಮೆರಾ ನನ್ನ ಮೊಣಕಾಲಿಗೆ ಬಡಿಯಿತು, ಕೂಸು ಅಳತೊಡಗಿತು, ಈ ಗದ್ದಲದಲ್ಲಿ ನನ್ನನ್ನು ಬಹಳ ವರ್ಷಗಳಿಂದ ಬಲ್ಲ ಒಂದು ಕೋತಿ ಬಂದು ಜಂಬದ ಚೀಲ ಕಿತ್ತುಕೊಂಡು ಬಂಡೆಯ ಮೇಲೆ ಹತ್ತಿ ಕುಳಿತಿತು. ಅದಕ್ಕೆ ಬಾಳೆಹಣ್ಣು ಕೊಟ್ಟು ಚೀಲ ಬಿಡಿಸಿಕೊಳ್ಳುವುದರೊಳಗೆ ಬೀಗತಿಯವರು ದರ್ಶನ ಮುಗಿಸಿ ಇಳಿದು ಬಂದರು. ಮಾವನೂ ಅಳಿಯನೂ ಕೋತಿಯ ಎದುರು ಕೈಮುಗಿದು ನಿಂತಿದ್ದನ್ನು ನೋಡಿ, "ಇದೇನ್ ನಡಸೀರಿ?" ಎಂದು ಕೇಳಿದರು. ಹುಡುಗ ಪಾಪ, ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟ.

ಬೀಗತಿಯವರು ಮೆಟ್ಟಿಲ ಮೇಲೆಯೇ ಸೊಂಟಕ್ಕೆ ಕೈಯಿಟ್ಟು ನಿಂತರು. "ಅಲ್ರಿ ಶರಣಪ್ಪ, ನಿಮ್ಮ ಮಗಳ ನೋಡಾಕ ಮಂದಿ ಬಂದು ಕುಂತಾರ, ನೀವಿಲ್ಲಿ ನನ್ನ ಚಪ್ಪಲಿ ಕಾಯಾಕ ಹತ್ತೀರೇನು? ಮೊದ್ಲು ಬಾಯಿ ಬಿಟ್ಟು ಹೇಳಬಾರದಾಗಿತ್ತೇನು? ಗುಡ್ಡ ಎಲ್ಲಿ ಓಡಿ ಹೋಗ್ತಿತ್ತು?" ಎಂದು ನನ್ನ ಕೈಯಿಂದ ಚೀಲ ಕಿತ್ತುಕೊಂಡು, ಚಪ್ಪಲಿ ಮೆಟ್ಟಿಕೊಂಡು, ಹಿಂದೆಯೇ ಇಳಿದು ಬಂದ ಕೂಸಿನ ಮನೆಯವರನ್ನೂ ಸೇರಿಸಿಕೊಂಡು, ನಮ್ಮಿಬ್ಬರನ್ನೂ ಮುಂದೆ ಹಾಕಿಕೊಂಡು ಕುರಿ ಹೊಡೆದಂತೆ ಹೊಡೆದುಕೊಂಡು ಇಳಿದರು. ಬಾಯಿ ಬಿಟ್ಟು ಹೇಳಿದರೆ ಯಾರಾದರೂ ಹೋಗು ಎಂದಾರು ಎನ್ನುವುದೇ ಅಲ್ಲಿಯವರೆಗೆ ನನ್ನ ಯೋಚನೆಯಲ್ಲಿ ಬಂದಿರಲಿಲ್ಲ.

ಎರಡು ಕಾರುಗಳು ನಮ್ಮ ಓಣಿಗೆ ನುಗ್ಗಿದಾಗ ಅಕ್ಕಪಕ್ಕದವರು ಮದುವೆಯೇ ಆಗಿಹೋಯಿತೆಂದುಕೊಂಡರು. ಬೀಗತಿಯವರು, ಬೀಗರು, ಹುಡುಗನ ಮಾಲಕರ ನೆಂಟರು, ಕೂಸು, ಎಲ್ಲರೂ ಹೆಣ್ಣು ನೋಡುವುದಕ್ಕೆ ನಮ್ಮ ಜೊತೆಗೇ ಇಳಿದರು. ಪಡಸಾಲೆಯಲ್ಲಿ ಖಾಜಾಸಾಬ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹುಡುಗನ ಅಪ್ಪನ ಎದುರು ಕುಳಿತು ನನ್ನ ಗುಣಗಾನ ಮಾಡುತ್ತಿದ್ದ. ಬಾಗಿಲಲ್ಲಿ ನಿಂತಾಗ ನನ್ನ ಕಿವಿಗೆ ಬಿದ್ದದ್ದು ಇದು: "ಬರ್ತಾರ್ರಿ, ಬರೋದ್ರಾಗ ಏನೂ ಸಂಶಯ ಇಲ್ಲ. ಯಾವಾಗ ಅನ್ನೋದು ಅವ್ರ ಕೈಯಾಗಿಲ್ಲ, ಅಷ್ಟ." ಹುಡುಗನ ಅಪ್ಪ, "ನಮ್ಮಾಂವಂದೂ ಹಂಗ ಐತ್ರಿ" ಎಂದು ತಲೆಯಾಡಿಸುತ್ತಿದ್ದರು. ಒಳಗೆ ಹುಡುಗನ ತಾಯಿ ಮತ್ತು ಗಿರಿಜಾ ಚಾಪೆಯ ಮೇಲೆ ಕುಳಿತು ಆಗಲೇ ಅಕ್ಕತಂಗಿಯರಾಗಿದ್ದರು. ಒಬ್ಬಳ ಮಗ, ಒಬ್ಬಳ ಗಂಡ, ದುಃಖ ಒಂದೇ. ನಾವಿಬ್ಬರೂ ಒಟ್ಟಿಗೆ ಒಳಗೆ ಬಂದದ್ದನ್ನು ನೋಡಿ ಗಿರಿಜಾ ಏನನ್ನೂ ಕೇಳಲಿಲ್ಲ. ಮತ್ತಷ್ಟು ಅವಲಕ್ಕಿ ನೆನೆಸಲು ಎದ್ದು ಹೋದಳು. ಅದು ಅವಳ ಸಿಟ್ಟಿನ ಕೊನೆಯ ಮೆಟ್ಟಿಲು, ಅದರ ಮೇಲೆ ಇನ್ನೊಂದಿಲ್ಲ.

ಚಹ ಅವಲಕ್ಕಿ ಆದ ಮೇಲೆ ಬೀಗತಿಯವರೇ ಮುಂದಾಳತ್ವ ವಹಿಸಿ, "ಹುಡುಗಿ ಏನರ ಕೇಳೋದಿದ್ರ ಕೇಳಲಿ" ಎಂದರು. ಹಿಂದಿನ ಕಾಲದಲ್ಲಿ ಹುಡುಗಿಗೆ ಅಡಿಗೆ ಬರುತ್ತದೆಯೇ ಎಂದು ಕೇಳುತ್ತಿದ್ದರು. ಶೈಲಾ ಬಾಗಿಲ ಚೌಕಟ್ಟಿಗೆ ಒರಗಿ ನಿಂತವಳು ಹುಡುಗನನ್ನು ನೇರವಾಗಿ ನೋಡಿ ಒಂದೇ ಪ್ರಶ್ನೆ ಕೇಳಿದಳು.

"ಸಂಜಿಗೆ ಮನಿಗೆ ಎಷ್ಟೊತ್ತಿಗೆ ಬರ್ತೀರಿ?"

ಹುಡುಗ ಸಹಾಯಕ್ಕಾಗಿ ನನ್ನ ಕಡೆ ನೋಡಿದ. ನಾನು ಖಾಜಾಸಾಬನ ಕಡೆ ನೋಡಿದೆ. ಖಾಜಾಸಾಬ ಮೇಲೆ ತಿರುಗುವ ಫ್ಯಾನಿನ ಕಡೆ ನೋಡಿದ.

"ಖರೇ ಹೇಳ್ಲೇನ್ರಿ?" ಎಂದ ಹುಡುಗ. "ಗೊತ್ತಿಲ್ರಿ."

"ಹಂಗಾರ ಗೊತ್ತಾದ ಮ್ಯಾಲೆ ಹೇಳ್ರಿ" ಎಂದು ಶೈಲಾ ಒಳಗೆ ಹೋದಳು. ಸಿಟ್ಟಿನಿಂದಲ್ಲ. ರೋಗಿಗೆ ನಾಳೆ ರಕ್ತಪರೀಕ್ಷೆ ಮಾಡಿಸಿಕೊಂಡು ಬರಲು ಹೇಳುವ ದನಿಯಲ್ಲಿ ಹೇಳಿದಳು. ಎಲ್ಲರೂ ಹೋದ ಮೇಲೆ ನಾನು, "ಛಲೋ ಹುಡುಗ, ಗುಡ್ಡದ ಮ್ಯಾಲೆ ನೋಡೀನಿ, ಕೂಸಿಗೆ ಮೊದ್ಲು ನೀರು ಕುಡಿಸಿ ತಾ ಕುಡದ" ಎಂದೆ. ಮಗಳು, "ಛಲೋನ ಅದಾನ ಅಪ್ಪ. ನೀವೂ ಛಲೋನ ಅದೀರಿ. ಅವ್ವನ್ನ ಕೇಳ್ರಿ" ಎಂದಳು. ಅವ್ವನನ್ನು ಕೇಳುವ ಧೈರ್ಯ ನನಗೆ ಆ ವಾರವೆಲ್ಲ ಬರಲಿಲ್ಲ.

ಸೋಮವಾರ ಧಣಿಯರಿಗೆ ಬೀಗತಿಯವರಿಂದ ಸುದ್ದಿ ಮುಟ್ಟಿತ್ತು. ನಿಜಕ್ಕೂ ನೊಂದುಕೊಂಡರು. "ನನಗ ಒಂದು ಮಾತು ಹೇಳಬಾರದೇನೋ ಶರಣಪ್ಪ? ನಾ ಬರಬ್ಯಾಡ ಅಂತಿದ್ದಿಲ್ಲೇನು?" ಎಂದರು. ಅವರ ಮುಖ ನೋಡಿದರೆ ಹಾಗೆಯೇ ಅನ್ನುತ್ತಿದ್ದರು ಎಂದು ಅನಿಸಿತು. ಹಾಗಾದರೆ ಇಷ್ಟು ವರ್ಷ ನನ್ನ ಸಂಜೆಗಳನ್ನು ತೆಗೆದುಕೊಂಡವರು ಯಾರು ಎಂಬ ಪ್ರಶ್ನೆ ಎದ್ದಿತು. ಆ ಪ್ರಶ್ನೆ ಹೋಗಿ ಹೋಗಿ ನನ್ನ ಕಡೆಗೇ ಬರುತ್ತಿದ್ದುದರಿಂದ ಅದನ್ನು ಅಲ್ಲಿಗೇ ಬಿಟ್ಟೆ.

ಕೆಲವು ವಾರ ಕಳೆದವು. ಒಂದು ಮಧ್ಯಾಹ್ನ ವೀರೇಶ ಮಿಲ್ಲಿಗೇ ಬಂದ. ಮುಖದಲ್ಲಿ ಪರೀಕ್ಷೆ ಪಾಸಾದವನ ಕಳೆಯಿತ್ತು. "ಮಾವಾರ, ಶೈಲಾ ಅವ್ರಿಗೆ ಹೇಳ್ರಿ, ಗೊತ್ತಾತು ಅಂತ. ಸಂಜಿಗೆ ದೀಪ ಹಚ್ಚೋ ಹೊತ್ತಿಗೆ ಮನ್ಯಾಗ ಇರ್ತೀನಿ" ಎಂದ. ಸಂತೋಷವಾಯಿತು. ಹೇಗೆ ಸಾಧ್ಯವಾಯಿತೆಂದು ಕೇಳಿದೆ.

"ಮಾಲಕರಿಗೆ ಇದ್ದದ್ದು ಹೇಳಿದ್ನಿರಿ. ತಿಂಗಳ ಲೆಕ್ಕ ಬ್ಯಾಡ, ಗಂಟಿ ಲೆಕ್ಕಕ್ಕ ಹಾಕ್ರಿ ಅಂದೆ. ಲೆಕ್ಕದ ಬುಕ್ಕು ತಗದು ನೋಡಿದ್ರು. ಆಮ್ಯಾಲೆ, ‘ಆತು. ಆದ್ರ ಹಬ್ಬಕ್ಕ ಮನ್ಯಾಗ ಕುಂತ್ರ ಆ ದಿನದ್ದು ಇಲ್ಲ, ಆರಾಮ ಇಲ್ಲಂದ್ರ ಅದೂ ಇಲ್ಲ’ ಅಂದ್ರು. ನಾ ಒಪ್ಪಿದೆ."

"ಪಗಾರ ಬಿಟ್ಟೇನು?" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಅದು ನಮ್ಮಪ್ಪನ ದನಿ. ಮೋಡ, ಕಡಲೆ, ಜೋಳ ಎಲ್ಲ ಒಂದೇ ಸಲ ಕಣ್ಣ ಮುಂದೆ ಬಂದವು. ಹಬ್ಬಕ್ಕೆ ಇಲ್ಲ, ಜ್ವರಕ್ಕೆ ಇಲ್ಲ. ನಾಳೆ ಮಗುವಾದರೆ, ಮಗುವಿಗೆ ಹಲ್ಲು ಬರುವಾಗ ಒಂದು ದಿನ ಮನೆಯಲ್ಲಿದ್ದರೆ? ಮನೆಗೆ ಬಂದು ಗಿರಿಜಾಳ ಮುಂದೆ, ಗಂಟೆ ಲೆಕ್ಕದವನಿಗೆ ಹೆಣ್ಣು ಹೇಗೆ ಕೊಡುವುದೆಂದು ತಲೆ ಮೇಲೆ ಕೈಹೊತ್ತು ಕುಳಿತೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಇಷ್ಟು ವರ್ಷ ಪಗಾರಕ್ಕ ಬೈಕೋಂತ ಉಂಡ್ರಿ. ಈಗ ಆ ಹುಡುಗ ನಿಮ್ಮ ಮಗಳ ಸಲುವಾಗಿ ಅದನ್ನ ಬಿಟ್ರ ನಿಮಗ ಯಾಕ ಹೊಟ್ಟಿನೋವು? ಅಂವ ಕೇಳಿದ, ನೀವು ಕೇಳ್ಲಿಲ್ಲ, ಅದಕ್ಕೇನು?"

ಗಿರಿಜಾಳ ಮಾತಿಗೆ ಯಾವತ್ತೂ ಇಸ್ತ್ರಿ ಇರುವುದಿಲ್ಲ. ಹೊಳೆಯಲ್ಲಿ ಒಗೆದು ಹಿಂಡಿ ಕೈಗೆ ಕೊಟ್ಟಂತಿರುತ್ತದೆ. ಆದರೂ ನನ್ನ ಕಳವಳ ಹೋಗಲಿಲ್ಲ. ಕಷ್ಟ ಬಂದಾಗ ನಾನು ಯಾರನ್ನು ಕೇಳುತ್ತೇನೆ? ಧಣಿಯರನ್ನೇ ಕೇಳಿದೆ. ಅವರು ಕಣ್ಣುಮುಚ್ಚಿ ಬಹಳ ಹೊತ್ತು ವಿಚಾರ ಮಾಡಿ ತೀರ್ಪು ಕೊಟ್ಟರು: "ನೋಡು ಶರಣಪ್ಪ, ಅಂಥಾ ಹುಡುಗನ್ನ ಕೆಲಸಕ್ಕ ಇಟ್ಕೋಬಾರದು. ಅಳಿಯನ್ನ ಮಾಡ್ಕೋಬೇಕು." ನನ್ನಂಥವನನ್ನು ಏನು ಮಾಡಿಕೊಳ್ಳಬೇಕೆಂದು ಕೇಳಲು ಹೋಗಲಿಲ್ಲ. ಉತ್ತರ ಎದುರಿಗೇ ನಿಂತಿತ್ತಲ್ಲ.

ಶೈಲಾ ಒಪ್ಪಿದಳು. ಗಂಗಾವತಿಯಲ್ಲೇ ಮದುವೆಯಾಯಿತು. ಧಣಿಯರು ಕುಟುಂಬ ಸಮೇತ ಬಂದರು, ಈ ಸಲ ಮುಯ್ಯಿಯನ್ನು ತಾವೇ ತಂದರು. ಖಾಜಾಸಾಬ ಮೂರು ದಿನ ಗಂಟೆಗಳನ್ನು ಮರೆತು ದುಡಿದ. ಊಟ ಮಾಡಿ ಹೊರಡುವಾಗ ಧಣಿಯರು ನನ್ನ ಹೆಗಲ ಮೇಲೆ ಕೈಯಿಟ್ಟಾಗ ಅಭ್ಯಾಸಬಲದಿಂದ, "ಆತ್ರಿ" ಎಂದುಬಿಟ್ಟೆ. ಅವರು ನಕ್ಕು, "ನಾ ಇನ್ನೂ ಏನೂ ಹೇಳೇ ಇಲ್ಲ. ನಾಳೆ ಬರಬ್ಯಾಡ, ಮನ್ಯಾಗ ಇರು ಅಂತ ಹೇಳಾಕ ಬಂದೆ" ಎಂದರು. ಇಷ್ಟು ವರ್ಷದಲ್ಲಿ ಕೇಳದೆ ಬಂದ ಮೊದಲ ರಜೆ. ಅದನ್ನು ಗಿರಿಜಾಗೆ ದೊಡ್ಡ ದನಿಯಲ್ಲಿ ಹೇಳಿದೆ.

ಮರುದಿನ ಬೆಳಿಗ್ಗೆ ಬಂಧುಗಳೆಲ್ಲ ಬಸ್ಸು ಹಿಡಿದರು. ಗಿರಿಜಾ ದಣಿದು ಮಲಗಿದಳು. ನಾನು ಪಡಸಾಲೆಯಲ್ಲಿ ಕುಳಿತೆ. ಪೇಪರು ಓದಿದೆ, ರಾಶಿಫಲ ಓದಿದೆ, ಬೇರೆಯವರ ರಾಶಿಯದನ್ನೂ ಓದಿದೆ. ಬಾಗಿಲ ಬಳಿ ಶೈಲಾ ಡ್ಯೂಟಿಗೆ ಹಾಕಿಕೊಂಡು ಹೋಗುತ್ತಿದ್ದ ಬಿಳಿ ಬೂಟುಗಳಿದ್ದವು. ಹೊಸ ಊರಿಗೆ ಹೊಸ ಬೂಟು ಒಯ್ದಿದ್ದಳು. ಅವನ್ನು ಎತ್ತಿ ಒಳಗಿಟ್ಟೆ. ಒಳಗೆ ಚೆನ್ನಾಗಿ ಕಾಣಲಿಲ್ಲವೆಂದು ಮತ್ತೆ ಬಾಗಿಲ ಬಳಿಯೇ ಇಟ್ಟೆ. ಮಧ್ಯಾಹ್ನದವರೆಗೆ ತಡೆದೆ. ಆಮೇಲೆ ಗಾಡಿಯ ಕೀಲಿ ತೆಗೆದುಕೊಂಡು ಸದ್ದಾಗದಂತೆ ಹೊರಗೆ ಬಂದೆ.

ಮಿಲ್ಲಿನಲ್ಲಿ ನನ್ನನ್ನು ನೋಡಿ ಖಾಜಾಸಾಬ, "ಯಾಕಣ್ಣ, ರಜಾ ಅಲ್ಲೇನು?" ಎಂದ. ಹೌದೆಂದೆ. ಅವನು ಬಾಯ್ಲರಿನ ಪಕ್ಕದ ಸ್ಟೂಲನ್ನು ನನ್ನ ಕಡೆ ಸರಿಸಿದ. ಸ್ವಲ್ಪ ಹೊತ್ತಿಗೆ ಗಿರಿಜಾಳ ಫೋನು ಬಂತು.

"ಎಲ್ಲದೀರಿ?"

"ಮಿಲ್ಲಿನಾಗ."

"ಧಣ್ಯಾರು ರಜಾ ಕೊಟ್ಟಾರ ಅಂದ್ರೆಲ್ಲ. ಮತ್ತ ಕರದ್ರೇನು?"

"ಹೂಂ, ಕರದ್ರು" ಎಂದೆ.

ಗಿರಿಜಾ ಧಣಿಯರನ್ನು ಬೈಯಲು ಶುರುಮಾಡಿದಳು. ಮಗಳನ್ನು ಕಳಿಸಿಕೊಟ್ಟ ಮರುದಿನವೂ ಬಿಡದ ಅವರಿಗೆ ಕರುಳಿದೆಯೋ ಇಲ್ಲವೋ ಎಂದಳು, ತಿಂಗಳ ಪಗಾರ ಕೊಟ್ಟರೆ ಮನುಷ್ಯನನ್ನೇ ಕೊಂಡಂತಾಯಿತೇ ಎಂದಳು. ಎಂದಿನ ಹಾಗಾಗಿದ್ದರೆ ಧಣಿಯರ ಪರವಾಗಿ ಎರಡು ಮಾತಾಡುತ್ತಿದ್ದೆ. ಅಂದು ಆಡಲಿಲ್ಲ. ಅವಳು ಬೈದು ಮುಗಿಸಿ ದನಿ ಹಗುರವಾಗುವವರೆಗೆ, ಪಾಪ ಅವರ ಪಾಲಿನ ಬೈಗುಳವನ್ನೆಲ್ಲ ಸ್ಟೂಲಿನ ಮೇಲೆ ಕುಳಿತು ನಾನೇ ಕೇಳಿಸಿಕೊಂಡೆ.